ಚಿಪ್ಪುಹಂದಿ ಮರಿಯೊಡನೆ ಕಳೆದ ರಾತ್ರಿಗಳು

ಕಳ್ಳಬೇಟೆಗೆ ತಾಯಿಯನ್ನು ಕಳೆದುಕೊಂಡ ಚಿಪ್ಪುಹಂದಿಯ ಮರಿಯೊಂದನ್ನು ನಾನು ಕೆಲಸ ಮಾಡುತ್ತಿದ್ದ ವನ್ಯಜೀವಿ ರಕ್ಷಣಾ ಕೇಂದ್ರಕ್ಕೆ ತಂದಾಗ, ಅದರ ರಾತ್ರಿ ಪಾಳಿಯ ಆರೈಕೆ ನನ್ನ ಪಾಲಿಗೆ ಬಂತು. ಜಗತ್ತಿನಲ್ಲಿರುವ ಎಂಟೂ ಪ್ರಭೇದಗಳ ಚಿಪ್ಪುಹಂದಿಗಳಿಗೆ 2016ರಲ್ಲಿ ನಡೆದ ಸೈಟಿಸ್ (ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಸಮ್ಮೇಳನವು ಅತ್ಯುನ್ನತ ರಕ್ಷಣೆ ನೀಡಿ, ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರಕ್ಕೆ ತಡೆ ಹಾಕಿದ್ದರೂ ಚಿಪ್ಪಿನಾಸೆಯ ಬೇಟೆ ನಿಂತಿಲ್ಲ. ಹೆಣ್ಣು ಚಿಪ್ಪುಹಂದಿ ಒಂದು ಸೂಲಿಗೆ ಸಾಮಾನ್ಯವಾಗಿ ಒಂದೇ ಮರಿ ಹಾಕುವುದರಿಂದ ಒಂದೊಂದು ಮರಿಗೂ ಬೆಲೆಯುಂಟು.

ಅನಾಥ ಜಿಂಕೆಮರಿಗಳಿಗೆ ಬಾಟಲಿ ಹಾಲು ಕುಡಿಸಿದ ಅನುಭವವಿದ್ದ ನಾನು ಇದೂ ಹಾಗೆಯೇ ಎಂದುಕೊಂಡಿದ್ದೆ. ಮೊದಲ ರಾತ್ರಿಯೇ ಎಡವಿದೆ. ಚಿಪ್ಪುಹಂದಿಯ ಮೈಬಿಸಿ ಸುಮಾರು 33 ಡಿಗ್ರಿ ಸೆಲ್ಸಿಯಸ್, ಅಂದರೆ ನಮ್ಮದಕ್ಕಿಂತ ಕಡಿಮೆ. ಮುಟ್ಟಿದಾಗ ತಣ್ಣಗಿದೆಯೆಂದು ಗಾಬರಿಗೊಂಡು ಬಿಸಿನೀರಿನ ಚೀಲವನ್ನು ಅದರ ಮೈಗೇ ಒತ್ತಿಟ್ಟಿದ್ದೆ. ಪಶುವೈದ್ಯರು ಬಂದು ನೋಡಿ ಚೆನ್ನಾಗಿ ಬೈದರು.

ಹಾಲಿನದು ಇನ್ನೊಂದು ಕಥೆ. ಬೆಕ್ಕಿನ ಮರಿಗಳಿಗೆಂದು ತಯಾರಾದ ಹಾಲಿನ ಪುಡಿಯನ್ನು ತೆಳ್ಳಗೆ ಕಲಸಿ, ಸೂಜಿಯಿಲ್ಲದ ಸಿರಿಂಜಿನಿಂದ ತೊಟ್ಟು ತೊಟ್ಟಾಗಿ ಕುಡಿಸುತ್ತಿದ್ದೆವು. ಅವಸರ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ಒಂದು ರಾತ್ರಿ ಅದರ ಮೂಗಿನ ಹೊಳ್ಳೆಯಲ್ಲಿ ಪುಟ್ಟದೊಂದು ಹಾಲಿನ ಗುಳ್ಳೆ ಕಂಡಿತು. ಅದನ್ನು ಒರೆಸಿ, ಬೆಳಗಾಗುವವರೆಗೂ ಅದರ ಉಸಿರಿನ ಸದ್ದಿಗೆ ಕಿವಿಗೊಟ್ಟು ಕುಳಿತೆ. ಹಾಲಾದ ಬಳಿಕ ಒದ್ದೆ ಹತ್ತಿಯಿಂದ ಹಿಂಭಾಗವನ್ನು ಮೆಲ್ಲಗೆ ಒರೆಸಿದರಷ್ಟೇ ಮೂತ್ರ ಬರುತ್ತಿತ್ತು. ಬೆಳಿಗ್ಗೆ ತೂಕ ನೋಡುವಾಗ ನಾಲ್ಕು ಗ್ರಾಂ ಏರಿದ್ದರೆ ಆ ದಿನ ಹಬ್ಬ.

ಇಷ್ಟೆಲ್ಲ ಮಾಡಿದರೂ ನಿಜವಾದ ಕಷ್ಟ ಶುರುವಾದುದು ಹಾಲು ಬಿಡಿಸುವಾಗ. ಹಲ್ಲೇ ಇಲ್ಲದ ಈ ಪ್ರಾಣಿಯ ಆಹಾರವೆಂದರೆ ಇರುವೆ ಮತ್ತು ಗೆದ್ದಲು. ಅದರಲ್ಲೂ ಅದಕ್ಕೆ ತನ್ನದೇ ಆಯ್ಕೆಯಿದೆ. ತಟ್ಟೆಯಲ್ಲಿ ಹೆಪ್ಪುಗಟ್ಟಿದ ಇರುವೆಗಳನ್ನಿಟ್ಟರೆ ಮೂಸಿಯೂ ನೋಡಲಿಲ್ಲ. ಊಟವನ್ನು ಮರಿಯ ಬಳಿಗೆ ತರುವ ಬದಲು ಮರಿಯನ್ನೇ ಊಟದ ಬಳಿಗೆ ನಡೆಸಿಕೊಂಡು ಹೋಗುವುದು ಅನಿವಾರ್ಯವಾಯಿತು. ಪ್ರತಿ ಸಂಜೆ ಮೂರು ನಾಲ್ಕು ಗಂಟೆ ಅದರ ಹಿಂದೆ ನಡೆದೆ. ಎಳೆಯ ಉಗುರುಗಳಿಂದ ಅದು ಮೊದಲ ಬಾರಿ ಮಣ್ಣು ಕೆದಕಿ, ದಾರದಂಥ ನಾಲಿಗೆಯನ್ನು ಬಿಲದೊಳಗೆ ಇಳಿಸಿದಾಗ ನಾನು ಉಸಿರು ಬಿಗಿಹಿಡಿದು ನಿಂತಿದ್ದೆ.

ಈ ನಡಿಗೆಯಲ್ಲೇ ಇನ್ನೊಂದು ಇಕ್ಕಟ್ಟು ಅಡಗಿತ್ತು. ತಾಯಿಯ ಬಾಲದ ಬುಡಕ್ಕೆ ಅಂಟಿಕೊಂಡು ಸವಾರಿ ಮಾಡಬೇಕಾದ ಮರಿ ದಣಿದಾಗಲೆಲ್ಲ ನನ್ನ ಕಾಲಿಗೆ ಸುತ್ತಿಕೊಳ್ಳುತ್ತಿತ್ತು. ಎತ್ತಿಕೊಳ್ಳದಿದ್ದರೆ ಅದು ಬೆದರಿ ಮೇವು ಬಿಡುತ್ತಿತ್ತು. ಎತ್ತಿಕೊಂಡರೆ ಮನುಷ್ಯರ ವಾಸನೆಯೇ ಆಸರೆಯೆಂದು ಕಲಿಯುತ್ತಿತ್ತು. ಮುದ್ದಿನ ಹೆಸರಿಡಬಾರದೆಂಬ ನಿಯಮವನ್ನು ನಾನು ಪಾಲಿಸಿದೆ, ಬಾಯಿಮಾತಿನಲ್ಲಿ ಮಾತ್ರ. ತಿಂಗಳುಗಳು ಕಳೆದಂತೆ ಎತ್ತಿಕೊಳ್ಳುವುದನ್ನು ಕಡಿಮೆ ಮಾಡಿ, ಹತ್ತು ಹೆಜ್ಜೆ, ಆಮೇಲೆ ಇಪ್ಪತ್ತು ಹೆಜ್ಜೆ ದೂರ ನಿಲ್ಲತೊಡಗಿದೆ.

ಬಾಲದ ಚಿಪ್ಪೊಂದಕ್ಕೆ ರೇಡಿಯೋ ಸಾಧನ ಅಳವಡಿಸಿ ಕಾಡಿಗೆ ಬಿಟ್ಟ ಸಂಜೆ ಅದು ನನ್ನ ಬೂಟಿನ ಪಕ್ಕದಲ್ಲೇ ಹಾದು, ನಿಲ್ಲದೆ ಗೆದ್ದಲಿನ ಗೂಡಿನತ್ತ ಹೋಯಿತು. ಅಭ್ಯಾಸದಿಂದ ಬಗ್ಗಿಸಿದ್ದ ಕೈಯನ್ನು ನಾನು ಹಿಂದಕ್ಕೆಳೆದುಕೊಂಡೆ.