ರಾಯಲ್ ಮೈಲ್‌ನಲ್ಲಿ ಜಾಮೀನುದಾರರ ಜಾಡು

ಎಡಿನ್‌ಬರ್ಗ್‌ಗೆ ಹೋದವರು ಕೋಟೆ ನೋಡುತ್ತಾರೆ, ವಿಸ್ಕಿ ಕೊಳ್ಳುತ್ತಾರೆ. ನನ್ನದು ಬೇರೆ ಹುಚ್ಚು. ಹಳೇ ಸ್ಕಾಟ್ಲೆಂಡ್‌ನಲ್ಲಿ ಪರರ ಸಾಲಕ್ಕೆ ಜಾಮೀನು ನಿಂತವರ ಗತಿ ಏನಾಗುತ್ತಿತ್ತು ಎಂದು ಯೋಚಿಸುತ್ತಾ, ಕೋಟೆಯಿಂದ ಹೋಲಿರೂಡ್ ಅರಮನೆಗೆ ಇಳಿಯುವ ರಾಯಲ್ ಮೈಲ್ ಬೀದಿ ಹಿಡಿದೆ.

ಸೇಂಟ್ ಜೈಲ್ಸ್ ಚರ್ಚಿನ ಪಕ್ಕ ನೆಲದಲ್ಲಿ ಕಲ್ಲು ಜೋಡಿಸಿ ಮಾಡಿದ ಹೃದಯವಿದೆ. ಒಬ್ಬ ಹುಡುಗ ಸರಿಯಾಗಿ ಗುರಿಯಿಟ್ಟು ಅದರ ಮೇಲೆ ಉಗಿದ. ಇಲ್ಲಿನ ಪದ್ಧತಿಯೇ ಅದು! ಅಲ್ಲಿದ್ದ ಜೈಲನ್ನು 1817ರಲ್ಲಿ ಕೆಡವಿದರು. ಸಾಲ ತೀರಿಸದವರನ್ನೂ ಅದರಲ್ಲೇ ಕೂಡುತ್ತಿದ್ದರು. ಹತ್ತಿರದಲ್ಲೇ ಮರ್ಕ್ಯಾಟ್ ಕ್ರಾಸ್, ಅಂದರೆ ಹಿಂದೆ ಡಂಗುರ ಸಾರುತ್ತಿದ್ದ ಪೇಟೆಯ ಕಂಬ. ಈಗಿನ ಕಟ್ಟಡ 1885ರದ್ದು. ಹಿಂದೆ, ದುಡ್ಡು ಕಟ್ಟು ಎಂಬ ರಾಜಾಜ್ಞೆ ಮೀರಿದವನ ಹೆಸರು ಕೂಗಿ ಇಲ್ಲಿ ಮೂರು ಸಲ ಕೊಂಬು ಊದುತ್ತಿದ್ದರು. ಅಲ್ಲಿಂದ ಅವನು ರಾಜದ್ರೋಹಿ. ಜಾಮೀನು ಹಾಕಿದವನಿಗೂ ಈ ಕೊಂಬು ತಪ್ಪುತ್ತಿರಲಿಲ್ಲ.

ಹದಿನಾಲ್ಕನೇ ಶತಮಾನದ ಕಾನೂನು ಗ್ರಂಥ 'ರೀಜಿಯಮ್ ಮೆಜೆಸ್ಟೇಟಮ್' ಮಾತ್ರ ಸ್ವಲ್ಪ ನ್ಯಾಯವಾಗಿಯೇ ಹೇಳುತ್ತದೆ: ಮೊದಲು ಸಾಲಗಾರನನ್ನು ಹಿಡಿ, ಅವನ ಹತ್ತಿರ ಏನೂ ಇಲ್ಲದಿದ್ದರೆ ಜಾಮೀನುದಾರನ ಬಳಿ ಹೋಗು. ತೆತ್ತವನು ಆಮೇಲೆ ಸಾಲಗಾರನಿಂದ ವಸೂಲಿ ಮಾಡಿಕೊಳ್ಳಬಹುದು. ಕೈ ಖಾಲಿ ಆದವನಿಂದ ಏನು ವಸೂಲಿ, ಅಲ್ವಾ?

ರಾಜರ ಮನೆಯಲ್ಲೂ ಇದೇ ಕಥೆ. 1406ರಲ್ಲಿ ಇಂಗ್ಲಿಷರ ಕೈಗೆ ಸಿಕ್ಕ ಹುಡುಗ, ಸ್ಕಾಟ್ಲೆಂಡ್‌ನ ಒಂದನೇ ಜೇಮ್ಸ್, 1424ರಲ್ಲಿ ಬಿಡುಗಡೆಯಾದ. ಬೆಲೆ 40,000 ಪೌಂಡ್, ಕಂತಿನಲ್ಲಿ. ಆ ಸಾಲಕ್ಕೆ ಜಾಮೀನಾಗಿ ಸ್ಕಾಟ್ ಕುಲೀನರು ಸ್ವತಃ ಇಂಗ್ಲೆಂಡ್‌ಗೆ ಹೋಗಿ ಒತ್ತೆ ಕೂತರು. ಊರಿಗೆ ಬಂದ ರಾಜ ಪೂರ್ತಿ ಹಣ ಕಟ್ಟಲೇ ಇಲ್ಲ. ಕೆಲವರು ಅಲ್ಲೇ ತೀರಿಕೊಂಡರು. ಇದೇ ಜೇಮ್ಸ್ 1429ರಲ್ಲಿ ಒಂದು ಕಾನೂನು ಮಾಡಿದ: ಯಾರಿಂದಲಾದರೂ ಹಲ್ಲೆಯ ಭಯವಿದ್ದರೆ, ಆ ಮನುಷ್ಯ ತೊಂದರೆ ಕೊಡುವುದಿಲ್ಲವೆಂದು ಜಾಮೀನು ಕೊಡಬೇಕು. ಜಾಮೀನಿನ ಬೆಲೆ ಬಲ್ಲವನೇ ಸರಿ, ಬಿಡಿ.

ಇಳಿಜಾರು ಮುಗಿಯುವಲ್ಲಿ ಹೋಲಿರೂಡ್, ಹಿಂದೆ ಸಾಲಗಾರರಿಗೆ ಆಶ್ರಯ ಕೊಡುತ್ತಿದ್ದ ಜಾಗ. ರಸ್ತೆಯಲ್ಲಿ ಹೂತ ಹಿತ್ತಾಳೆಯ 'ಎಸ್' (ಸ್ಯಾಂಕ್ಚುಅರಿ, ಅಂದರೆ ಆಶ್ರಯ) ಅಕ್ಷರಗಳ ಮೇಲೆ ಕಾರುಗಳು ಸುಮ್ನೆ ಹರಿದು ಹೋಗುತ್ತಿದ್ದವು. ಆ ಗೆರೆ ದಾಟಿ ಒಳಗೆ ಬಂದ ಸಾಲಗಾರನನ್ನು ಯಾರೂ ಹಿಡಿಯುವಂತಿರಲಿಲ್ಲ. ಭಾನುವಾರ ಬಂಧನ ಇರುತ್ತಿರಲಿಲ್ಲವಾದ್ದರಿಂದ ಅವತ್ತು ಊರಲ್ಲೂ ಓಡಾಡಿ ಬರಬಹುದಿತ್ತು. ಹೊರಗೆ ಉಳಿದ ಜಾಮೀನುದಾರನ ಮೇಲೆ ಮಾತ್ರ ಸಾಲ ಕೊಟ್ಟವನ ಕಣ್ಣು. ಜಾಮೀನುದಾರನ ಹೊಣೆಗೆ ಏಳು ವರ್ಷದ ಮಿತಿ ಹಾಕಿದ್ದು 1695ರ ಕಾನೂನು. ಆ ಹೊತ್ತಿಗೆ ಎಷ್ಟು ಮನೆ ಮುಳುಗಿದ್ದವೋ.