ಇದನ್ನು ಹಾಕ್ಕೊಂಡ್ರೆ ಏನು ಕೆಲಸ ಆಗುತ್ತೆ?

ಭಾನುವಾರ ಕೇಳಿದ ಈ ಪ್ರಶ್ನೆ ಇನ್ನೂ ತಲೆಯಿಂದ ಹೋಗಿಲ್ಲ. ಕೇಳಿದವರು ಚಾಮರಾಜಪೇಟೆಯಲ್ಲಿ ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಚ್ಚಿಗೆ ಪುಟ ಜೋಡಿಸುವ ಕೆಲಸ ಮಾಡುವ ಒಬ್ಬ ಹಿರಿಯ ಹೆಂಗಸು. ಉತ್ತರ ಹೇಳಬೇಕಾಗಿದ್ದವನು ಆಗಷ್ಟೇ ತನ್ನ ಹೊಸ ಸಾಫ್ಟ್‌ವೇರ್ ಬಗ್ಗೆ ಮಾತು ಮುಗಿಸಿದ್ದ ಹುಡುಗ.

ಪರದೆ ಮೇಲೆ ಮೊದಲು ಬಂದ ಸಾಲು ಹೀಗಿತ್ತು: 'ಭಾರತೀಯ ಭಾಷೆಗಳಿಗೆ ಎಐ ಆಧಾರಿತ ಡಾಕ್ಯುಮೆಂಟ್ ಇಂಟೆಲಿಜೆನ್ಸ್ ಪ್ಲಾಟ್‌ಫಾರ್ಮ್'. ಆಮೇಲೆ ಅದನ್ನು ಯಾವುದರಲ್ಲಿ ಬರೆದಿದ್ದಾನೆ, ಒಳಗೆ ಯಾವ ಯಾವ ಭಾಗಗಳಿವೆ, ಲೈಸೆನ್ಸ್ ಯಾವುದು ಅಂತ ಹೇಳುತ್ತಾ ಹೋದ. ಡಬ್ಬಿಗಳು, ಬಾಣಗಳು, ಮತ್ತೆ ಡಬ್ಬಿಗಳು. ಮುಂದೆ ಕೂತಿದ್ದ ಕಂಪನಿ ಮಂದಿ ತಲೆಯಾಡಿಸುತ್ತಿದ್ದರು. ಅವರಿಗೂ ಅರ್ಥವಾಗಿತ್ತು ಅಂತ ನನಗೆ ಅನ್ನಿಸಲಿಲ್ಲ. ಗೊತ್ತಾಗಲಿಲ್ಲ ಅಂದರೆ ಎಲ್ಲಿ ದಡ್ಡರು ಅಂದುಕೊಳ್ಳುತ್ತಾರೋ ಅನ್ನೋ ಅಳುಕು ನಮ್ಮ ಐಟಿಯವರಲ್ಲಿ ಜಾಸ್ತಿ.

ಆ ಅಮ್ಮನಿಗೆ ಆ ಅಳುಕು ಇರಲಿಲ್ಲ.

"ಅದೆಲ್ಲಾ ಸರಿಯಪ್ಪಾ. ಇದನ್ನು ಹಾಕ್ಕೊಂಡ್ರೆ ನನಗೆ ಏನು ಕೆಲಸ ಆಗುತ್ತೆ?"

"ಮೇಡಂ, ಇದೊಂದು ಫ್ರೇಮ್‌ವರ್ಕ್. ಇದರ ಮೇಲೆ ಬೇರೆ ಬೇರೆ ಪರಿಹಾರಗಳನ್ನ ಕಟ್ಟಬಹುದು."

"ಕಟ್ಟೋದು ಆಮೇಲೆ ಇರಲಿ. ನಾನೊಂದು ಫೈಲ್ ಕೊಟ್ಟೆ ಅಂದ್ಕೋ. ಏನು ವಾಪಸ್ ಬರುತ್ತೆ?"

ಹುಡುಗ ಸ್ವಲ್ಪ ತಡೆದ. ಮೈಕ್ ಕೆಳಗಿಳಿಸಿ, ಮನೆಯಲ್ಲಿ ಮಾತಾಡುವ ಹಾಗೆ ಹೇಳಿದ: "ನುಡಿಯಲ್ಲಿ ಟೈಪ್ ಮಾಡಿರೋ ವರ್ಡ್ ಫೈಲ್ ಕೊಟ್ರೆ, ಅದೇ ಫೈಲು ಯೂನಿಕೋಡಲ್ಲಿ ಬರುತ್ತೆ ಮೇಡಂ. ಟೇಬಲ್ಲು, ಬೋಲ್ಡು, ಮಧ್ಯ ಇರೋ ಇಂಗ್ಲಿಷು ಯಾವುದೂ ಕೆಡಲ್ಲ."

"ಅಯ್ಯೋ, ಇದನ್ನ ಮೊದಲೇ ಹೇಳೋದಲ್ವಾ!"

ಹಳೇ ಕನ್ನಡ ಫೈಲುಗಳ ಜೊತೆ ಗುದ್ದಾಡಿದವರಿಗೆ ಅವನ ಆ ಎರಡು ಸಾಲಿನ ಬೆಲೆ ಗೊತ್ತು. ಹಿಂದೆ ನುಡಿ, ಬರಹದಂಥ ತಂತ್ರಾಂಶಗಳಲ್ಲಿ ಟೈಪ್ ಮಾಡಿದ್ದೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳ ಮೇಲೆ ನಿಂತಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಕಾಣಿಸುವುದೇ ಇಲ್ಲ. ಫೈಲಿನೊಳಗೆ ಒಂದು ಕನ್ನಡ ಪದ ಹುಡುಕಿದರೆ ಸಿಗುವುದಿಲ್ಲ. ಒಂದೊಂದು ಕನ್ನಡ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡಿಗೆ ತರುವ ಕನ್ವರ್ಟರುಗಳು ಇವೆ, ಆದರೆ ಪಠ್ಯ ಮಾತ್ರ ಕಾಪಿ ಮಾಡಿ ಹಾಕಿದರೆ ಟೇಬಲ್ ಹೋಗುತ್ತದೆ, ಮಧ್ಯದ ಇಂಗ್ಲಿಷ್ ಪದಗಳೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಈ ಹುಡುಗನ ಸಾಫ್ಟ್‌ವೇರ್ ವರ್ಡ್ ಫೈಲಿನ ಒಳಗೆ ಯಾವ ತುಂಡಿಗೆ ಯಾವ ಫಾಂಟ್ ಅಂತ ನೋಡುತ್ತದೆ. ನುಡಿ ಫಾಂಟ್ ಇದ್ದರೆ ಮಾತ್ರ ಬದಲಾಯಿಸುತ್ತದೆ. ಅರ್ಕಾವತ್ತನ್ನೂ ನೋಡಿಕೊಳ್ಳುತ್ತದೆ. ಹಳೇ ಫಾಂಟಿನಲ್ಲಿ 'ಸೂರ್ಯ' ಅಂತ ಬರೆದರೆ ಕಣ್ಣಿಗೆ ಕಾಣುವ ಹಾಗೆ ಅರ್ಕಾವತ್ತು ಕೊನೆಗೆ ಇರುತ್ತದೆ. ಯೂನಿಕೋಡಿನಲ್ಲಿ ರಕಾರ ಯಕಾರಕ್ಕಿಂತ ಮೊದಲು ಬರಬೇಕು. ಅದನ್ನು ಎತ್ತಿ ಸರಿಯಾದ ಜಾಗದಲ್ಲಿ ಕೂರಿಸಬೇಕು. ಇದೆಲ್ಲ ತಿಂಗಳುಗಟ್ಟಲೆ ಕೂತು ಮಾಡಿದ ಕೆಲಸ, ನೋಡಿದರೇ ಗೊತ್ತಾಗುತ್ತಿತ್ತು. ಇಷ್ಟು ಒಳ್ಳೆಯದನ್ನು ಮಾಡಿದವನು ಅದನ್ನೇ ಹೇಳಲಿಲ್ಲವಲ್ಲ ಅಂತ ನನಗೆ ಹೊಟ್ಟೆ ಉರಿಯಿತು.

ಹುಡುಗನನ್ನು ದೂರಲು ಮನಸ್ಸಿಲ್ಲ. ಕಾಲೇಜಿನ ಪ್ರಾಜೆಕ್ಟ್ ರಿಪೋರ್ಟಿನಿಂದ ಹಿಡಿದು ಇಂಟರ್‌ವ್ಯೂ ತನಕ ಅವನಿಗೆ ನಾವು ಕಲಿಸಿದ್ದು ಅದನ್ನೇ. 'ಫೈಲ್ ಬದಲಾಯಿಸುತ್ತದೆ' ಅಂದರೆ ಅಷ್ಟೇನಾ ಅನ್ನುತ್ತೇವೆ, 'ಪ್ಲಾಟ್‌ಫಾರ್ಮ್' ಅಂದರೆ ಕುರ್ಚಿ ಎಳೆದುಕೊಂಡು ಕೂರುತ್ತೇವೆ. ಅವತ್ತೂ ಮುಂದಿನ ಸಾಲಿನ ಒಬ್ಬರು "ಆ ಮೊದಲ ಲೈನ್ ಚೆನ್ನಾಗಿದೆ, ಅದನ್ನ ಬಿಡಬೇಡ" ಅಂತ ಬುದ್ಧಿ ಹೇಳಿದರು. ಒಳ್ಳೆಯ ಮನುಷ್ಯರೇ. ಆದರೆ ಆ ಸಲಹೆ ತಪ್ಪು.

ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್ 25ರಂದು ತನ್ನ ಕೆಲಸದ ಬಗ್ಗೆ ಮೊದಲ ಸಲ ಬರೆದಾಗ 'ಲಿನಕ್ಸ್' ಅನ್ನುವ ಹೆಸರನ್ನೂ ಹೇಳಿರಲಿಲ್ಲ. ಹೇಳಿದ್ದು ಏನು ಗೊತ್ತಾ? 386, 486 ಚಿಪ್ಪಿನ ಕಂಪ್ಯೂಟರುಗಳಿಗೆ ಒಂದು ಉಚಿತ ಆಪರೇಟಿಂಗ್ ಸಿಸ್ಟಂ ಮಾಡುತ್ತಿದ್ದೇನೆ, ಇದು ಹವ್ಯಾಸ ಅಷ್ಟೇ, ದೊಡ್ಡದಾಗುವುದಿಲ್ಲ. ಬರೆದದ್ದು ಮಿನಿಕ್ಸ್ ಅನ್ನುವ ಇನ್ನೊಂದು ಆಪರೇಟಿಂಗ್ ಸಿಸ್ಟಂ ಬಳಸುತ್ತಿದ್ದವರಿಗೆ. ನಿಮಗೆ ಮಿನಿಕ್ಸ್‌ನಲ್ಲಿ ಏನು ಇಷ್ಟ, ಏನು ಇಷ್ಟವಿಲ್ಲ ಹೇಳಿ ಅಂತ ಕೇಳಿದ್ದರು. ತನ್ನ ಹತ್ತಿರ ಇರುವ ಬಗೆಯ ಹಾರ್ಡ್‌ಡಿಸ್ಕ್ ಬಿಟ್ಟು ಬೇರೆಯದರಲ್ಲಿ ಬಹುಶಃ ಯಾವತ್ತೂ ನಡೆಯುವುದಿಲ್ಲ ಅಂತಲೂ ಬರೆದಿದ್ದರು. ಅದೇ ತಿಂಗಳ 6ರಂದು ಟಿಮ್ ಬರ್ನರ್ಸ್-ಲೀ ವರ್ಲ್ಡ್ ವೈಡ್ ವೆಬ್ ಬಗ್ಗೆ ತಿಳಿಸುವಾಗ, ಎಲ್ಲೇ ಇರುವ ಯಾವುದೇ ಮಾಹಿತಿಗೂ ಕೊಂಡಿ ಹಾಕಲು ಆಗಬೇಕು, ಅದೇ ಈ ಯೋಜನೆಯ ಗುರಿ ಅಂತ ಒಂದೇ ಸಾಲಿನಲ್ಲಿ ಹೇಳಿದ್ದರು. ಇಷ್ಟು ದೊಡ್ಡ ಕೆಲಸಗಳು ಇಷ್ಟು ಸರಳವಾಗಿ ಪರಿಚಯವಾಗಿವೆ. ಸರಳವಾಗಿ ಹೇಳಿದ್ದಕ್ಕೆ ಯಾವುದೂ ಚಿಕ್ಕದಾಗಲಿಲ್ಲ.

ಅದರಲ್ಲೂ 'ಇದು ಆಗಲ್ಲ' ಅಂತ ಹೇಳುವುದು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಭಾನುವಾರ ಆ ಅಮ್ಮ ಇನ್ನೂ ಒಂದು ಕೇಳಿದರು, ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್ ಬಗ್ಗೆ. "ಪೇಜ್‌ಮೇಕರ್ ಫೈಲ್ ತಗೊಳ್ಳುತ್ತಾ?" ಹುಡುಗ ಈ ಸಲ ತಡೆಯಲಿಲ್ಲ. "ಇಲ್ಲ ಮೇಡಂ, ಅದನ್ನ ತೆಗೆಯೋಕೇ ಬರಲ್ಲ. ವರ್ಡ್ ಮಾತ್ರ." ಆಕೆಗೆ ಬೇಜಾರಾಗಲಿಲ್ಲ. "ಸರಿ ಬಿಡು, ವರ್ಡಲ್ಲಿರೋದೇ ಬೇಕಾದಷ್ಟಿದೆ" ಅಂದರು. ಮನೆಗೆ ಹೋಗಿ ಒಂದು ಸಂಜೆ ಹಾಳು ಮಾಡಿಕೊಂಡು ಇದು ಆಗಲ್ಲ ಅಂತ ತಿಳಿದುಕೊಳ್ಳುವುದು ಆಕೆಗೆ ತಪ್ಪಿತು.

ಕನ್ನಡಕ್ಕೆ ಅಂತ ಸಾಫ್ಟ್‌ವೇರ್ ಮಾಡುವವರಲ್ಲಿ ಎಷ್ಟೋ ಮಂದಿ ಸಂಬಳವಿಲ್ಲದೆ, ರಾತ್ರಿ ನಿದ್ದೆಗೆಟ್ಟು ಮಾಡುತ್ತಾರೆ. ಅದು ಬೇಕಾದವರು ಪ್ರೆಸ್ಸಿನಲ್ಲಿ, ಶಾಲೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕೂತಿದ್ದಾರೆ. ಅವರು ಮೊದಲ ಎರಡು ಸಾಲು ಓದುತ್ತಾರೆ. ತಮ್ಮ ಕೆಲಸದ ಮಾತು ಅಲ್ಲಿ ಕಾಣದಿದ್ದರೆ ಮುಂದೆ ಹೋಗುತ್ತಾರೆ. ಹೋಗಲೇಬೇಕು, ಅವರಿಗೆ ಸಂಜೆಯೊಳಗೆ ಪ್ರೂಫ್ ಕೊಡುವುದಿರುತ್ತದೆ. ಬೇಕಾದವರಿಗೆ ತಲುಪದೆ, ಯಾರೂ ಬಳಸಲಿಲ್ಲ ಅಂತ ಮಾಡಿದವನೂ ಕೈಬಿಟ್ಟ ಕೆಲಸಗಳನ್ನು ನೆನೆದರೆ ನನಗೆ ನಿಜವಾಗಲೂ ಸಂಕಟವಾಗುತ್ತದೆ.

ಹುಡುಗ ಸೋಮವಾರವೇ ಪರಿಚಯದ ಸಾಲು ಬದಲಾಯಿಸಿದ. ಅಮ್ಮನಿಗೆ ಹೇಳಿದ ಮಾತನ್ನೇ ಹೆಚ್ಚುಕಮ್ಮಿ ಹಾಗೇ ಮೇಲೆ ಹಾಕಿದ್ದಾನೆ, ಪೇಜ್‌ಮೇಕರ್ ಆಗಲ್ಲ ಅನ್ನೋದನ್ನೂ ಸೇರಿಸಿ. ಆಕೆ ತಮ್ಮ ಹಳೇ ಸ್ಮರಣ ಸಂಚಿಕೆಯ ಫೈಲೊಂದನ್ನು ಕಳಿಸಿದ್ದರಂತೆ. ಎಲ್ಲ ಸರಿ ಬಂತು, ಅಡಿಟಿಪ್ಪಣಿಗಳು ಮಾತ್ರ ಹಳೇ ಫಾಂಟಿನಲ್ಲೇ ಉಳಿದುಕೊಂಡವು. ಅಡಿಟಿಪ್ಪಣಿ ಇರುವ ಫೈಲನ್ನು ಅವನು ಪರೀಕ್ಷೆ ಮಾಡಿಯೇ ಇರಲಿಲ್ಲ. ಈಗ ಅದನ್ನು ಸರಿ ಮಾಡುತ್ತಾ ಕೂತಿದ್ದಾನೆ.