ಗಾಯ ಚಿಕ್ಕದು, ಕಿರುಬೆರಳು ಮರಗಟ್ಟಿತ್ತು

"ಸರ್, ಗಾಯ ಚೆನ್ನಾಗಿ ಒಣಗಿದೆ. ಆದ್ರೆ ಕಿರುಬೆರಳ ಕಡೆ ಮುಟ್ಟಿದ್ರೂ ಗೊತ್ತಾಗಲ್ಲ." ಹಿಮ್ಮಡಿ ಮೇಲಿನ ಆಪರೇಷನ್ ಆಗಿ ಆರನೇ ವಾರಕ್ಕೆ ಬಂದ ರೋಗಿ ಹೀಗಂದರು. ಹತ್ತಿಯಲ್ಲಿ ಸವರಿ ನೋಡಿದೆ. ಪಾದದ ಹೊರ ಅಂಚಿನಲ್ಲಿ ನಿಜಕ್ಕೂ ಸ್ಪರ್ಶವೇ ಇರಲಿಲ್ಲ. ಅದೇ ಕಾಲಿನ ಮೂರು ಸೆಂಟಿಮೀಟರ್ ಗಾಯವನ್ನು ಜೂನಿಯರ್‌ಗಳಿಗೆ ತೋರಿಸಿ ಬೀಗಿದ್ದವನು ನಾನು.

ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ದಪ್ಪ ಹುರಿ, ಅಂದರೆ ಅಕಿಲಿಸ್ ಟೆಂಡನ್ ಹರಿದರೆ ಹೊಲಿಯಲು ಮುಖ್ಯವಾಗಿ ಎರಡು ದಾರಿ. ಒಂದು, ಉದ್ದಕ್ಕೆ ಕೊಯ್ದು, ಪೊರಕೆಯಂತೆ ಕೆದರಿದ ಎರಡೂ ತುದಿಗಳನ್ನು ಕಣ್ಣಾರೆ ನೋಡಿ ಹೊಲಿಯುವುದು. ಅಲ್ಲಿನ ಚರ್ಮ ತೆಳು, ಕೆಳಗೆ ಮಾಂಸವೂ ಇಲ್ಲ. ಹಾಗಾಗಿ ಗಾಯ ಮಾಯದೆ ಸತಾಯಿಸುವುದು, ಕೀವು ಆಗುವುದು ಇದರಲ್ಲಿ ಜಾಸ್ತಿ. ಇನ್ನೊಂದು, ಚಿಕ್ಕದಾಗಿ ಕೊಯ್ದು ಪಕ್ಕದಿಂದ ಸೂಜಿ ತೂರಿಸುವುದು. ಗಾಯದ ತಲೆನೋವು ಕಡಿಮೆ. ಆದರೆ ಸೂಜಿಗೆ ಕಣ್ಣಿಲ್ಲ. ಹಿಮ್ಮಡಿಯಿಂದ ಸುಮಾರು ಹತ್ತು ಸೆಂಟಿಮೀಟರ್ ಮೇಲೆ, ಪಾದದ ಹೊರ ಅಂಚಿಗೆ ಸ್ಪರ್ಶ ಕೊಡುವ ಸೂರಲ್ ನರ ಟೆಂಡನ್ನಿನ ಹೊರ ಅಂಚನ್ನು ದಾಟುತ್ತದೆ. ನನ್ನ ದಾರ ಅಲ್ಲೇ ಎಲ್ಲೋ ಅದನ್ನು ತಾಗಿತ್ತು.

ನಾರ್ವೆಯ 526 ರೋಗಿಗಳ ಅಧ್ಯಯನ 2022ರಲ್ಲಿ ಬಂದಾಗಲೇ ಓದಿದ್ದೆ. ದೊಡ್ಡ ಕೊಯ್ತ, ಚಿಕ್ಕ ಕೊಯ್ತ, ಆಪರೇಷನ್ನೇ ಇಲ್ಲದ್ದು, ಮೂರರಲ್ಲೂ ವರ್ಷದ ಬಳಿಕ ಕಾಲಿನ ಸ್ಥಿತಿ ಹೆಚ್ಚುಕಡಿಮೆ ಒಂದೇ. ಮತ್ತೆ ಹರಿದಿದ್ದು ಆಪರೇಷನ್ ಆಗದವರಲ್ಲಿ ಶೇ. 6.2, ಹೊಲಿಸಿಕೊಂಡ ಎರಡೂ ಗುಂಪಿನಲ್ಲಿ ಶೇ. 0.6. ನರಕ್ಕೆ ಪೆಟ್ಟು ಚಿಕ್ಕ ಕೊಯ್ತದಲ್ಲಿ ಶೇ. 5.2, ದೊಡ್ಡದರಲ್ಲಿ 2.8. ಈ ಕೊನೆಯ ಸಾಲನ್ನು ನಾನು ಸುಮ್ನೆ ದಾಟಿಬಿಟ್ಟಿದ್ದೆ. ರೋಗಿಗೂ ಹೇಳಿರಲಿಲ್ಲ, ತಪ್ಪು ಅದೇ.

ಸಕ್ಕರೆ ಕಾಯಿಲೆ ಇರುವವರಿಗೆ, ಸಿಗರೇಟು ಸೇದುವವರಿಗೆ ಈಗಲೂ ನನ್ನ ಒಲವು ಚಿಕ್ಕ ಕೊಯ್ತದ ಕಡೆಗೇ. ಆದರೆ ಮೊದಲು ಪೆನ್ನಿನಲ್ಲಿ ನರದ ದಾರಿ ಗೀಚಿಕೊಳ್ಳುತ್ತೇನೆ. ಹೊರಗಡೆಯ ತೂತನ್ನು ಮೊಂಡು ತುದಿಯ ಫೋರ್ಸೆಪ್ಸ್‌ನಿಂದ ಬಿಡಿಸಿಕೊಂಡೇ ಸೂಜಿ ಹಾಕುತ್ತೇನೆ. ಮರಗಟ್ಟಬಹುದು ಅಂತ ಸಹಿಗೆ ಮುಂಚೆಯೇ, ಕಾಲು ಮುಟ್ಟಿ ತೋರಿಸಿ ಹೇಳುತ್ತೇನೆ.

ಇನ್ನೊಂದು ಅಭ್ಯಾಸವೂ ಅಂಟಿಕೊಂಡಿದೆ. "ಸರಿಯಿರೋ ಕಾಲಿಗೂ ಯಾಕೆ ಸರ್ ಪೇಂಟ್?" ಅಂತ ಕ್ರಿಮಿನಾಶಕ ಹಚ್ಚುವ ಸಿಸ್ಟರ್ ಗೊಣಗುತ್ತಾರೆ. ರೋಗಿ ಬೋರಲು ಮಲಗಿರುವಾಗ ಎರಡೂ ಮಂಡಿ ಮಡಚಿ, ಪಾದ ಎಷ್ಟು ಜೋತುಬಿದ್ದಿದೆ ಅಂತ ಹೋಲಿಸಿಯೇ ಗಂಟು ಬಿಗಿಯುತ್ತೇನೆ. ಟೆಂಡನ್ ಉದ್ದವಾಗಿ ಕೂಡಿಕೊಂಡರೆ ಒಂಟಿಗಾಲಲ್ಲಿ ಹಿಮ್ಮಡಿ ಎತ್ತಲು ಆಗುವುದಿಲ್ಲ. ಕೊಯ್ತ ಯಾವುದೇ ಇರಲಿ, ಅದಕ್ಕೆ ಆಮೇಲೆ ಸುಲಭದ ಮದ್ದಿಲ್ಲ.

ಆ ರೋಗಿಗೆ ಸ್ಪರ್ಶ ಬಹುಪಾಲು ಮರಳಿದೆ. ಕಿರುಬೆರಳ ಬುಡದಲ್ಲಿ ಒಂದು ನಾಣ್ಯದಷ್ಟು ಜಾಗ ಮಾತ್ರ ಇನ್ನೂ ಹಾಗೇ ಇದೆ. ಪ್ರತಿ ಸಲ ಬಂದಾಗಲೂ ಮೊದಲು ಅಲ್ಲೇ ಹತ್ತಿ ಸವರುತ್ತೇನೆ.